ಎಂಟು ಇಂಚಿನ ತಟ್ಟೆ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಿಂಕೆಯ ರೈಫಲ್ ಬೇಟೆ ಶುರುವಾಗುವುದು ನವೆಂಬರ್ ಕೊನೆಯಲ್ಲಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದು ಬರುವ ಸೋಮವಾರವೇ ಮೊದಲ ದಿನ ಎಂಬುದು ದಶಕಗಳ ರೂಢಿಯಾಗಿತ್ತು. 2019ರಲ್ಲಿ ಅದನ್ನು ಶನಿವಾರಕ್ಕೆ ತಂದರು. ಆದರೂ ಹಳ್ಳಿಗಾಡಿನ ಎಷ್ಟೋ ಶಾಲೆಗಳಿಗೆ ಆ ಸೋಮವಾರ ಈಗಲೂ ರಜೆ. ಅದಕ್ಕೆ ಮುಂಚಿನ ವಾರಗಳಲ್ಲಿ ಅಲ್ಲಿನ ಗುರಿ ಮೈದಾನಗಳಿಗೆ ಹೋದರೆ, ಹಲಗೆಗೆ ಸಿಕ್ಕಿಸಿದ ಪೇಪರ್ ತಟ್ಟೆಗಳು ಕಾಣುತ್ತವೆ. ನಮ್ಮಲ್ಲಿ ಸಮಾರಂಭಗಳಲ್ಲಿ ಉಪ್ಪಿಟ್ಟು ಹಾಕಿ ಕೈಗೆ ಕೊಡುತ್ತಾರಲ್ಲ, ಅಂಥದೇ ತಟ್ಟೆ. ಅಡ್ಡಳತೆ ಸುಮಾರು 8 ಇಂಚು. ಬಿಳಿಬಾಲದ ಜಿಂಕೆಯ ಎದೆಗೂಡಿನಲ್ಲಿ ಹೃದಯವೂ ಶ್ವಾಸಕೋಶಗಳೂ ಹಿಡಿದಿರುವ ಜಾಗ ಹೆಚ್ಚುಕಡಿಮೆ ಅಷ್ಟೇ. ಗುಂಡು ಅದರೊಳಗೆ ಹೋದರೆ ಪ್ರಾಣಿ ಸೆಕೆಂಡುಗಳಲ್ಲಿ ಸಾಯುತ್ತದೆ. ಒಂದು ಗೇಣು ಹಿಂದೆ ಸರಿದರೆ ಗಂಟೆಗಟ್ಟಲೆ ನರಳುತ್ತದೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಅದು ಹಾಗೆಯೇ ಇರಲಿ. ಹೀಗಾಗಿ ಬೇಟೆಯ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಸಿನಿಮಾದಿಂದ, ಅಜ್ಜಂದಿರ ಕಾಲದ ಶಿಕಾರಿ ಕತೆಗಳಿಂದ ಬಂದದ್ದು. ಆ ಕತೆಗಳಲ್ಲಿ ತಪ್ಪಿದ ಈಡುಗಳ ಲೆಕ್ಕ ಇರುವುದಿಲ್ಲ. ಲೈಸೆನ್ಸ್ ಪಡೆದು ಬೇಟೆಯಾಡುವ ಅಮೆರಿಕದಲ್ಲೂ ಇಂಥ ಕತೆಗಳಿಗೆ ಬರವಿಲ್ಲ.

ಅವು ಹುಟ್ಟಿಸಿದ ತಪ್ಪು ನಂಬಿಕೆಗಳಲ್ಲಿ ಮೊದಲನೆಯದು, ಗುಂಡು ತಗುಲಿದ ಪ್ರಾಣಿ ಹಾರಿ ಬೀಳುತ್ತದೆ ಎಂಬುದು. ಲೆಕ್ಕ ಹಾಕಿ ನೋಡಿ. ಜಿಂಕೆ ಬೇಟೆಗೆ ಸಾಮಾನ್ಯವಾಗಿ ಬಳಸುವ ರೈಫಲ್ ಗುಂಡಿನ ತೂಕ ಹತ್ತು ಗ್ರಾಂ ಆಸುಪಾಸು; 100 ಗಜದಲ್ಲಿ ಅದರ ವೇಗ ಸೆಕೆಂಡಿಗೆ 780 ಮೀಟರ್ ಎನ್ನೋಣ. ಅದು 70 ಕಿಲೋ ಜಿಂಕೆಯ ಮೈಯೊಳಗೇ ಪೂರ್ತಿ ನಿಂತುಬಿಟ್ಟರೂ ಆ ದೇಹಕ್ಕೆ ಸಿಗುವ ವೇಗ ಸೆಕೆಂಡಿಗೆ 11 ಸೆಂಟಿಮೀಟರ್. ಬಸ್ಸಿನಲ್ಲಿ ಪಕ್ಕದವರ ಮೊಣಕೈ ತಾಗಿದರೆ ಇದಕ್ಕಿಂತ ಹೆಚ್ಚು ಅಲುಗುತ್ತೇವೆ. ಗುಂಡಿಗೆ ಎದುರಿನವರನ್ನು ಎತ್ತಿ ಎಸೆಯುವ ಬಲ ಇದ್ದಿದ್ದರೆ, ಕೋವಿ ಹಿಡಿದವನ ಹೆಗಲಿಗೂ ಅದೇ ಗತಿಯಾಗುತ್ತಿತ್ತು. ಕೆಲವು ಜಿಂಕೆಗಳು ನಿಂತಲ್ಲೇ ಕುಸಿಯುವುದು ನಿಜ. ಅದು ಮಿದುಳಿಗೋ ಬೆನ್ನುಹುರಿಗೋ ಏಟು ಬಿದ್ದಾಗ. ಹೃದಯವೇ ಛಿದ್ರವಾದ ಜಿಂಕೆ ಕೂಡ ಮಿದುಳಿನಲ್ಲಿ ಉಳಿದ ಆಮ್ಲಜನಕದ ಬಲದಿಂದ ಹತ್ತು ಸೆಕೆಂಡು ಓಡಬಲ್ಲದು. ಪೂರ್ತಿ ವೇಗದಲ್ಲಿ ಹತ್ತು ಸೆಕೆಂಡು ಎಂದರೆ ನೂರು ಗಜಕ್ಕೂ ಹೆಚ್ಚು. ಓಡಿತು ಎಂದರೆ ಗುರಿ ತಪ್ಪಿತು ಎಂದು ಕೈಚೆಲ್ಲಿ ಮನೆಗೆ ಹೋಗುವವರು ಸತ್ತ ಪ್ರಾಣಿಯನ್ನೇ ಪೊದೆಯಲ್ಲಿ ಬಿಟ್ಟುಹೋಗಿರುತ್ತಾರೆ.

ಇದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಹಾಗಾದರೆ ತಲೆಗೇ ಹೊಡೆಯಿರಿ, ನೋವೇ ಇಲ್ಲ. ಕೇಳಲು ಕರುಣೆಯ ಮಾತು. ಆದರೆ ಜಿಂಕೆಯ ಮಿದುಳು ನಮ್ಮ ಮುಷ್ಟಿಗಿಂತ ಚಿಕ್ಕದು, ಅದರ ತಲೆ ಮೈಯಲ್ಲೇ ಅತಿ ಚಂಚಲವಾದ ಭಾಗ. ಮೇಯುತ್ತಾ ತಗ್ಗುತ್ತದೆ, ಸದ್ದಿಗೆ ಏಳುತ್ತದೆ, ನೊಣ ಕೂತರೆ ಕೊಡವುತ್ತದೆ. ಎರಡು ಇಂಚು ತಪ್ಪಿದರೆ ಗುಂಡು ದವಡೆ ಮುರಿಯುತ್ತದೆ. ದವಡೆ ಮುರಿದ ಜಿಂಕೆ ಚೆನ್ನಾಗಿಯೇ ಓಡುತ್ತದೆ, ರಕ್ತವೂ ಹೆಚ್ಚು ಚೆಲ್ಲುವುದಿಲ್ಲ, ಯಾರ ಕೈಗೂ ಸಿಗುವುದಿಲ್ಲ. ಮೇಯಲಾಗದೆ, ನೀರು ಕುಡಿಯಲಾಗದೆ ದಿನಗಟ್ಟಲೆ ಎಳೆದು ಸಾಯುತ್ತದೆ. ಎದೆಯ ಗುರಿಗೆ ಇರುವ ದೊಡ್ಡ ಗುಣ ಅದರ ಅಗಲ. ಬೇಟೆಗಾರನ ಕೈ ನಡುಗಬಹುದು, ಪ್ರಾಣಿ ಅರ್ಧ ಹೆಜ್ಜೆ ಇಡಬಹುದು. ಆ ತಟ್ಟೆ ಇಷ್ಟು ತಪ್ಪನ್ನು ನುಂಗಿಕೊಳ್ಳುತ್ತದೆ.

ತಟ್ಟೆ ಎಂದೆ, ಆದರೆ ನಿಜದಲ್ಲಿ ಅದು ಚೆಂಡು, ಪಕ್ಕೆಲುಬುಗಳ ಪಂಜರದೊಳಗೆ ನೇತುಬಿದ್ದ ಚೆಂಡು. ಪ್ರಾಣಿಯ ಮೈಮೇಲೆ ಒಂದು ಚುಕ್ಕಿ ಹುಡುಕಿ ಕೋವಿಯ ಕುದುರೆ (ಟ್ರಿಗರ್) ಎಳೆಯುವುದನ್ನು ಕಲಿತವರು ಇದನ್ನು ಮರೆಯುತ್ತಾರೆ. ಜಿಂಕೆ ಪೂರ್ತಿ ಅಡ್ಡಲಾಗಿ ನಿಂತಿದ್ದರೆ ಮುಂಗಾಲಿನ ಹಿಂಬದಿ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಮೇಲೆ. ಬೆನ್ನನ್ನು ಸ್ವಲ್ಪ ನಮ್ಮ ಕಡೆಗೆ ಮಾಡಿ ಓರೆಯಾಗಿ ನಿಂತಿದ್ದರೆ ಇನ್ನೂ ಒಳ್ಳೆಯದು. ಆಗ ನೋಡಬೇಕಾದದ್ದು ಆಚೆ ಬದಿಯ ಮುಂಗಾಲನ್ನು. ಗುಂಡು ಅಲ್ಲಿಗೆ ಹೊರಬರುವಂತೆ ಈಚೆ ಬದಿಯ ಜಾಗ ಆರಿಸಬೇಕು. ಮುಖ ನಮ್ಮ ಕಡೆಗಿದ್ದು ಓರೆಯಾಗಿದ್ದರೆ ಹೆಗಲ ಮೂಳೆ ಅಡ್ಡ ಬರುತ್ತದೆ, ಚೂರು ಹಿಂದೆ ಸರಿದರೂ ಜಠರ. ಪೂರ್ತಿ ಬೆನ್ನು ತೋರಿಸಿ ನಿಂತ ಜಿಂಕೆಗೆ ಹೊಡೆಯುವುದೇ ಇಲ್ಲ, ಅಷ್ಟೆ. ಅದು ತಿರುಗುವ ತನಕ ಕಾಯುವುದು. ತಿರುಗದಿದ್ದರೆ ಕಾದದ್ದೇ ಆಯಿತು.

ದೊಡ್ಡ ಕೋವಿ ತಂದರೆ ಗುರಿ ಸ್ವಲ್ಪ ಆಚೀಚೆಯಾದರೂ ನಡೆಯುತ್ತದೆ ಎಂಬ ನಂಬಿಕೆಗೆ ಅಂಗಡಿಯವರ ಆಶೀರ್ವಾದವೂ ಇದೆ. ಕರುಳಿಗೆ ಬಿದ್ದ ದೊಡ್ಡ ಗುಂಡು ಕೂಡ ಕರುಳಿಗೇ ಬಿದ್ದಂತೆ. ಮೇಲಾಗಿ ಹೆಗಲಿಗೆ ಗುದ್ದುವ ಕೋವಿ ಹಿಡಿದವನು ಗುಂಡು ಹಾರುವ ಮೊದಲೇ ಕಣ್ಣು ಮುಚ್ಚಿ ಮೈ ಬಿಗಿಹಿಡಿಯುವುದನ್ನು ಕಲಿಯುತ್ತಾನೆ, ಇಂಜೆಕ್ಷನ್ ಸೂಜಿ ಕಂಡ ಮಗುವಿನಂತೆ. ಈ ಚಟ ಹಿಡಿದರೆ ಬಿಡಿಸುವುದು ಕಷ್ಟ. ಮದ್ದು ಎಂದರೆ ಖಾಲಿ ಕೋವಿ: ನಳಿಕೆಯಲ್ಲಿ ಏನೂ ಇಲ್ಲವೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು, ಸುರಕ್ಷಿತ ದಿಕ್ಕಿಗೆ ಹಿಡಿದು, ಕುದುರೆ ಎಳೆದಾಗ ಗುರಿಗೆರೆ ಅಲುಗದಂತೆ ನೂರಾರು ಸಲ ಅಭ್ಯಾಸ ಮಾಡುವುದು. ಬೇಜಾರಿನ ಕೆಲಸ. ಹಾಗಾಗಿಯೇ ಬಹಳ ಜನ ಮಾಡುವುದಿಲ್ಲ.

ಬಹಳ ಜನ ಮಾಡುವುದು ಇದು: ಋತುವಿನ ಹಿಂದಿನ ವಾರ ಮೈದಾನಕ್ಕೆ ಹೋಗಿ, ಮೇಜಿನ ಮುಂದೆ ಕೂತು, ಮರಳು ಚೀಲದ ಮೇಲೆ ರೈಫಲ್ ಮಲಗಿಸಿ, 100 ಗಜದಲ್ಲಿ ಮೂರು ಗುಂಡು ಹೊಡೆಯುವುದು. ಮೂರೂ ಒಂದು ಇಂಚಿನೊಳಗೆ ಬಿದ್ದವು, ನಾನು ಸಿದ್ಧ ಎಂದು ಹೊರಡುವುದು. ಆ ಮೂರು ತೂತು ಸಾಕ್ಷಿ ಹೇಳುವುದು ರೈಫಲ್ ಮತ್ತು ದುರ್ಬೀನಿನ ಪರವಾಗಿ. ಹೊಡೆದವನ ಬಗ್ಗೆ ಅವು ತುಟಿ ಬಿಚ್ಚುವುದಿಲ್ಲ. ಕಾಡಿನಲ್ಲಿ ಮೇಜಿಲ್ಲ. ಬೆರಳು ಮರಗಟ್ಟಿರುತ್ತವೆ, ದಪ್ಪ ಕೋಟಿನಿಂದಾಗಿ ಕೋವಿಯ ಹಿಡಿ ಹೆಗಲಿಗೆ ಬೇರೆಯೇ ಥರ ಕೂರುತ್ತದೆ, ಜಿಂಕೆ ಕಂಡೊಡನೆ ಎದೆ ಡೋಲು ಬಡಿಯುತ್ತದೆ. ಈ ನಡುಕಕ್ಕೆ ಅಲ್ಲಿನವರು ‘ಬಕ್ ಫೀವರ್’ ಎನ್ನುತ್ತಾರೆ. ಹಳೆಯ ಬೇಟೆಗಾರರನ್ನೂ ಅದು ಬಿಡುವುದಿಲ್ಲ.

ಪೇಪರ್ ತಟ್ಟೆ ಉಪಯೋಗಕ್ಕೆ ಬರುವುದು ಇಲ್ಲಿ. ನಿಂತು, ಮಂಡಿಯೂರಿ, ಕೂತು, ಮರಕ್ಕೆ ಒರಗಿ, ಒಂದಷ್ಟು ಓಡಿ ಏದುಸಿರು ಬಿಡುತ್ತಾ, ಒಂದೊಂದು ಭಂಗಿಯಲ್ಲೂ ಐದೈದು ಗುಂಡು. ಐದೂ ತಟ್ಟೆಯೊಳಗೆ ಬೀಳುವ ಗರಿಷ್ಠ ದೂರ ಯಾವುದೋ, ಆ ಭಂಗಿಯಲ್ಲಿ ಅದೇ ಆ ಮನುಷ್ಯನ ಎಲ್ಲೆ. ನಿಂತು ಹೊಡೆದಾಗ 60 ಗಜದಲ್ಲೇ ತಟ್ಟೆ ತುಂಬಿಹೋಯಿತು ಎನ್ನೋಣ. ಅದೇ ಕೈ 100 ಗಜಕ್ಕೆ 13 ಇಂಚಿನ ವೃತ್ತ ಬರೆಯುತ್ತದೆ, ಜಿಂಕೆಯ ಎದೆ ಮಾತ್ರ ದೂರಕ್ಕೆ ತಕ್ಕಂತೆ ದೊಡ್ಡದಾಗುವುದಿಲ್ಲ. ರೈಫಲ್ 300 ಗಜ ಹೊಡೆಯುತ್ತದೆ ಎಂಬುದು ಆತನಿಗೆ ಸಂಬಂಧವಿಲ್ಲದ ಸುದ್ದಿ. ಅಷ್ಟು ದೂರದಲ್ಲಿ ಬೇರೆ ತೊಡಕೂ ಇದೆ: 100 ಗಜಕ್ಕೆ ಕೂರಿಸಿದ .308 ರೈಫಲ್‌ನ ಗುಂಡು 300 ಗಜ ತಲುಪುವಷ್ಟರಲ್ಲಿ ಒಂದು ಅಡಿಗೂ ಹೆಚ್ಚು ಕೆಳಗಿಳಿದಿರುತ್ತದೆ, ಗಾಳಿ ಅದನ್ನು ಪಕ್ಕಕ್ಕೆ ತಳ್ಳಿರುತ್ತದೆ.

ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಬೇಟೆಯ ಪಾಠ ಜೀವನದಲ್ಲಿ ಒಮ್ಮೆ ಮುಗಿಸಿದರೆ ಸಾಕು. ನಾರ್ವೆಯಲ್ಲಿ ಹಾಗಿಲ್ಲ. ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವವರು ಪ್ರತಿವರ್ಷ ಕನಿಷ್ಠ 30 ಗುಂಡು ಅಭ್ಯಾಸ ಮಾಡಿ, 100 ಮೀಟರಿನಲ್ಲಿ ಪ್ರಾಣಿಯ ಚಿತ್ರದ ಮೇಲೆ ಐದಕ್ಕೆ ಐದನ್ನೂ 30 ಸೆಂಟಿಮೀಟರ್ ವೃತ್ತದೊಳಗೆ ಹಾಕಿ ತೋರಿಸಬೇಕು. ನನಗಂತೂ ಇದೇ ಸರಿ ಅನ್ನಿಸುತ್ತದೆ. ಕೊಡಗಿನ ಕೈಲ್ ಮುಹೂರ್ತ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದಲ್ಲ, ಹಿಂದೆ ಬೇಟೆಯ ದಿನಗಳಿಗೆ ಮುನ್ನುಡಿಯಾಗಿದ್ದ ಹಬ್ಬ ಅದು. ಕಾಯಿ ಆ ತಟ್ಟೆಗಿಂತ ಚಿಕ್ಕದು. ತಪ್ಪಿದರೆ ನಗುವವರು ಪಕ್ಕದಲ್ಲೇ ನಿಂತಿರುತ್ತಾರೆ.

ಬಿಲ್ಲು ಹಿಡಿದವರದು ಬೇರೆ ಭ್ರಮೆ: ಹತ್ತಿರದಿಂದ ತಾನೆ, ತಪ್ಪುವುದೆಲ್ಲಿ? ಈಗಿನ ಬಿಲ್ಲಿನ ಬಾಣ ಸೆಕೆಂಡಿಗೆ 280 ಅಡಿ ಹೋದರೆ 30 ಗಜ ದಾಟಲು ಸೆಕೆಂಡಿನ ಮೂರನೇ ಒಂದು ಪಾಲು ಬೇಕು. ಹೆದೆಯ ಸದ್ದು ಅದಕ್ಕಿಂತ ನಾಲ್ಕು ಪಟ್ಟು ಬೇಗ ಜಿಂಕೆಯ ಕಿವಿ ಮುಟ್ಟುತ್ತದೆ. ಬೆದರಿದ ಜಿಂಕೆ ನೆಗೆಯಲು ಮೊದಲು ಕಾಲು ಮಡಿಸಿ ಮೈ ತಗ್ಗಿಸುತ್ತದೆ. ಎದೆಗೆ ಬಿಟ್ಟ ಬಾಣ ಬೆನ್ನಿಗೆ ನಾಟುತ್ತದೆ. ಕಿವಿ ನಿಮಿರಿಸಿ ನಿಂತ ಪ್ರಾಣಿಗೆ ಬಾಣ ಬಿಡಬೇಡಿ ಎಂದು ಪಳಗಿದವರು ಹೇಳುವುದು ಇದಕ್ಕೇ.

ಸದ್ದಿನ ಮಾತು ಬಂತು, ಶಬ್ದವೇಧಿಯನ್ನೂ ಹೇಳಿಬಿಡಬೇಕು. ಕಣ್ಣಿಗೆ ಕಾಣದ್ದನ್ನು ಸದ್ದಿನ ಜಾಡಿನಲ್ಲೇ ಹೊಡೆಯುವುದು ನಮ್ಮ ಕಲ್ಪನೆಯಲ್ಲಿ ಬಿಲ್ವಿದ್ಯೆಯ ತುತ್ತತುದಿ. ಆದರೆ ಆ ವಿದ್ಯೆ ಬಲ್ಲ ದಶರಥನ ಕತೆ ನಡೆದದ್ದು ಹೇಗೆ? ನೀರು ತುಂಬುವ ಕೊಡದ ಸದ್ದನ್ನು ಆನೆಯೆಂದು ತಿಳಿದು ಬಾಣ ಬಿಟ್ಟ, ಶ್ರವಣಕುಮಾರ ಸತ್ತ. ಪೆನ್ಸಿಲ್ವೇನಿಯಾದ ಬೇಟೆಗಾರರು ದೂರಕ್ಕೂ ಹೊಳೆಯುವ ಕಿತ್ತಳೆ ಬಣ್ಣದ ಅಂಗಿ ತೊಡಬೇಕೆಂಬ ಕಾನೂನಿರುವುದು ಇಂಥದೇ ಭಯದಿಂದ. ಪ್ರಾಣಿ ಯಾವುದೆಂದು ಪೂರ್ತಿ ಕಾಣಬೇಕು. ಅದರ ಹಿಂದೆ ಮಣ್ಣಿನ ದಿಬ್ಬವಿದೆಯೋ, ಮನೆಯಿದೆಯೋ ಅದೂ ಕಾಣಬೇಕು.

ಈಡು ಹಾರಿದೊಡನೆ ಓಡಿಹೋಗಿ ಹುಡುಕಬೇಕು ಎಂಬುದು ಕೊನೆಯ ತಪ್ಪು. ಮಾಡಬೇಕಾದದ್ದು ಇನ್ನೊಂದು ಗುಂಡು ತುಂಬಿ, ಪ್ರಾಣಿ ನಿಂತಿದ್ದ ಜಾಗ ಮತ್ತು ಅದು ಮರೆಯಾದ ಮರ ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಕೂರುವುದು. ಅರ್ಧ ಗಂಟೆಯ ನಂತರ ಹೋಗಿ ರಕ್ತ ನೋಡುವುದು. ತಿಳಿಗೆಂಪು, ನೊರೆನೊರೆ ಇದ್ದರೆ ಶ್ವಾಸಕೋಶ; ಜಿಂಕೆ ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪುಗೆಂಪಾದರೆ ಯಕೃತ್ತಿನ ಕಡೆ ಬಿದ್ದಿರಬಹುದು, ಇನ್ನೂ ಕೆಲವು ಗಂಟೆ ಕಾಯಬೇಕು. ಹಸಿರು ಮಿಶ್ರಿತ, ನಾತ ಬರುವ ರಕ್ತವಾದರೆ ಕರುಳು. ಆಗ ಬೆನ್ನು ಹತ್ತಿದರೆ ಮಲಗಿದ ಪ್ರಾಣಿ ಎದ್ದು ಮೈಲಿ ದೂರ ಹೋಗುತ್ತದೆ. ಸುಮ್ಮನೆ ಬಿಟ್ಟರೆ ಹತ್ತಿರದ ಪೊದೆಯಲ್ಲೇ ಇರುತ್ತದೆ. ಆರರಿಂದ ಹನ್ನೆರಡು ಗಂಟೆ ಕಾದು, ಪೆನ್ಸಿಲ್ವೇನಿಯಾ ಸೇರಿ ಹಲವು ರಾಜ್ಯಗಳಲ್ಲಿ ಅನುಮತಿಯಿರುವಂತೆ ಹಗ್ಗ ಕಟ್ಟಿದ ನಾಯಿಯೊಂದಿಗೆ ಮತ್ತೆ ಜಾಡು ಹಿಡಿಯಬೇಕು. ಆ ಹನ್ನೆರಡು ಗಂಟೆ ಜಿಂಕೆ ಕತ್ತಲಲ್ಲಿ ಬದುಕಿಯೇ ಇರಬಹುದು. ಬೇಟೆಗಾರ ಡೇರೆಯಲ್ಲಿ ನಿದ್ದೆ ಬಾರದೆ ಹೊರಳಾಡುತ್ತಿರುತ್ತಾನೆ, ಹೊರಳಾಡಲೇಬೇಕು.