ಸೋಲಾರ್ ನೀತಿಗೆ ಲೆಕ್ಕ ಕೇಳುವ ಜಾಗ

ಸರ್ಕಾರ ಹೊಸ ಇಂಧನ ನೀತಿ ಪ್ರಕಟಿಸಿದ ದಿನ ಸುದ್ದಿಯಾಗುವುದು ಮೆಗಾವಾಟ್‌ಗಳು. ಅದಕ್ಕೆ ತಗಲುವ ದುಡ್ಡನ್ನು ಯಾರು ತೆರಬೇಕು ಎನ್ನುವುದು ತೀರ್ಮಾನವಾಗುವುದು ಬೇರೆ ದಿನ, ಬೇರೆ ಕಡೆ: ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ, ಅಂದರೆ ಕೆಇಆರ್‌ಸಿಯ ಮುಂದೆ. 1999ರ ವಿದ್ಯುತ್ ಸುಧಾರಣಾ ಕಾಯ್ದೆಯಿಂದ ಬಂದ ಆಯೋಗವಿದು. ಆಗಲೇ ಹಳೆಯ ವಿದ್ಯುತ್ ಮಂಡಳಿ, ಅಂದರೆ ಕೆಇಬಿ ಹೋಗಿ ಕೆಪಿಟಿಸಿಎಲ್ ಎಂಬ ನಿಗಮ ಬಂತು. 2002ರಲ್ಲಿ ವಿತರಣೆಯ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂಬ ವಿತರಣಾ ಕಂಪನಿಗಳಿಗೆ, ಅಂದರೆ ಎಸ್ಕಾಂಗಳಿಗೆ ಹಂಚಿಹೋಯಿತು. ಲೈನ್‌ಮ್ಯಾನ್ ಬಂದರೆ ಜನ ಈಗಲೂ ‘ಕೆಇಬಿಯವರು ಬಂದರು’ ಎನ್ನುತ್ತಾರೆ, ಅದು ಬೇರೆ ಮಾತು. ಬೋರ್ಡು ಬದಲಾದದ್ದಕ್ಕಿಂತ ದೊಡ್ಡ ಸುಧಾರಣೆ ಎಂದರೆ, ದರ ನಿಗದಿ ಮಾಡುವ ಅಧಿಕಾರ ಸರ್ಕಾರದ ಕೈತಪ್ಪಿ ಬಹಿರಂಗ ವಿಚಾರಣೆಗೆ ಬಂದದ್ದು. ಹಸಿರು ಇಂಧನದ ವಿಷಯದಲ್ಲಿ ನಾಗರಿಕರಿಗೆ ಇರುವ ಅತ್ಯಂತ ಉಪಯುಕ್ತ ವೇದಿಕೆ ಇದೇ ಎಂಬುದು ನನ್ನ ವಾದ. ಅತ್ಯಂತ ಕಡಿಮೆ ಬಳಕೆಯಾಗುತ್ತಿರುವುದೂ ಇದೇ.

ಇದರ ಕ್ರಮ ಸರಳ. ದರ ಏರಿಸಬೇಕೆನ್ನುವ ಎಸ್ಕಾಂ ತನ್ನ ಖರ್ಚು, ವಿದ್ಯುತ್ ಖರೀದಿ, ಸೋರಿಕೆ ಎಲ್ಲದರ ಲೆಕ್ಕದೊಂದಿಗೆ ಅರ್ಜಿ ಹಾಕಿ, ಅದರ ಸಾರಾಂಶ ಪ್ರಕಟಿಸಬೇಕು. ಅದಕ್ಕೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಮಿನ ಪ್ರಕಾರ ಆಯೋಗ ಆ ಆಕ್ಷೇಪಣೆಗಳನ್ನೆಲ್ಲ ಪರಿಗಣಿಸಿ 120 ದಿನಗಳೊಳಗೆ ಆದೇಶ ಕೊಡಬೇಕು. ನವೀಕರಿಸಬಹುದಾದ ಇಂಧನಕ್ಕೆ ಉತ್ತೇಜನ ಕೊಡುವುದೂ, ಎಸ್ಕಾಂಗಳು ಅದನ್ನು ಎಷ್ಟು ಪ್ರಮಾಣದಲ್ಲಿ ಕೊಳ್ಳಬೇಕೆಂದು ಗೊತ್ತುಮಾಡುವುದೂ ಇದೇ ಆಯೋಗದ ಹೊಣೆ. ಬಳಕೆದಾರರಿಗೆಲ್ಲ ಅಹವಾಲು ಹೇಳಲು ಬಿಟ್ಟರೆ ಕೆಲಸ ಸಾಗೀತೇ ಎಂಬ ಅನುಮಾನ ಹಿಂದೆಯೇ ಎದ್ದಿತ್ತು. ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಪಕ್ಕಕ್ಕಿಟ್ಟು, ಈ ಹಕ್ಕು ಕಾನೂನೇ ಕೊಟ್ಟದ್ದು ಎಂದಿತು.

ನೀತಿಯ ಕಾಗದಕ್ಕೂ ಈ ಲೆಕ್ಕಕ್ಕೂ ಇರುವ ಅಂತರ ನೋಡಬೇಕಾದರೆ 2014ರ ಸೌರ ನೀತಿಯನ್ನು ತೆಗೆದುಕೊಳ್ಳಿ. ಜಮೀನುಳ್ಳ ರೈತರೇ 1ರಿಂದ 3 ಮೆಗಾವಾಟ್‌ವರೆಗಿನ ಘಟಕ ಹಾಕಲಿ ಎಂಬುದು ಅದರ ಒಳ್ಳೆಯ ಆಶಯ. ಆಗಿನ ದರ ಯೂನಿಟ್‌ಗೆ 8.40 ರೂಪಾಯಿ. ಭೂಪರಿವರ್ತನೆ, ಗ್ರಿಡ್ ಸಂಪರ್ಕ ಎಂದು ಇಲಾಖೆಗಳ ನಡುವೆ ಅಲೆದು ಕೆಲವರ ಕೆಲಸ ತಡವಾಯಿತು. ಅಷ್ಟರಲ್ಲಿ ಪ್ಯಾನೆಲ್ ಬೆಲೆ ಕುಸಿದು, ಆಯೋಗ ನಿಗದಿಪಡಿಸಿದ ಹೊಸ ದರ 4.36ಕ್ಕೆ ಇಳಿಯಿತು. ತಡವಾದವರಿಗೆ ಇಳಿದ ದರವೇ ಎಂದದ್ದರಿಂದ ವ್ಯಾಜ್ಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಿ, ಅಲ್ಲಿ ಕೆಲವು ಘಟಕಗಳ ಪರವಾಗಿ ತೀರ್ಪು ಬಂತು. ಸುಮಾರು 13,000 ಎಕರೆ ಗುತ್ತಿಗೆ ಭೂಮಿಯಲ್ಲಿ ಎದ್ದ 2,050 ಮೆಗಾವಾಟ್‌ನ ಪಾವಗಡ ಪಾರ್ಕ್‌ನಲ್ಲಂತೂ ಹರಾಜಿನ ಬೆಲೆ 3 ರೂಪಾಯಿಗೂ ಕೆಳಗಿಳಿದಿತ್ತು. ರೈತನಿಗೆ ಕೊಟ್ಟ ಮಾತು ಉಳಿಯಬೇಕು, ಬಳಕೆದಾರನ ಬಿಲ್ಲೂ ಹಿಗ್ಗಬಾರದು. ಈ ಎರಡರ ನಡುವಿನ ಜಗ್ಗಾಟ ನೀತಿಯ ಪುಸ್ತಕದಲ್ಲಿ ಸಿಗುವುದಿಲ್ಲ, ಆಯೋಗದ ಕಡತದಲ್ಲಿ ಸಿಗುತ್ತದೆ.

ಇದೆಲ್ಲ ಶಾಸ್ತ್ರಕ್ಕೆ ನಡೆಯುವ ವಿಚಾರಣೆ, ಕೊನೆಗೆ ಏರುವ ದರ ಏರಿಯೇ ಏರುತ್ತದೆ ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. 2023ರಲ್ಲಿ ಯೂನಿಟ್‌ಗೆ ಸರಾಸರಿ 70 ಪೈಸೆ ಏರಿತು. 2025ರ ಏಪ್ರಿಲ್‌ನಿಂದ ನೌಕರರ ಪಿಂಚಣಿ, ಗ್ರಾಚ್ಯುಟಿಯ ಹೆಸರಿನಲ್ಲಿ ಇನ್ನೂ 36 ಪೈಸೆ ಸೇರಿತು. ಉದ್ಯಮಿಗಳ ವಿರೋಧವೂ ಅದನ್ನು ತಡೆಯಲಿಲ್ಲ. ಆದರೆ ಸರ್ಕಾರದ ಹಳೆಯ ಹೊರೆಯೊಂದು ಬಳಕೆದಾರನ ಹೆಗಲಿಗೆ ಬಂತೆಂಬುದು ಪೈಸೆಯ ಲೆಕ್ಕದಲ್ಲಿ ಬಯಲಾದದ್ದು ಈ ಪ್ರಕ್ರಿಯೆಯಿಂದಲೇ. ಮಂಡಳಿಯ ಕಾಲದಲ್ಲಾಗಿದ್ದರೆ ಅದು ಒಟ್ಟು ನಷ್ಟದೊಳಗೆ ಕರಗಿಹೋಗುತ್ತಿತ್ತು. ಸರ್ಕಾರ 2003ರ ಕಾಯ್ದೆಯ 108ನೇ ಕಲಮಿನಡಿ ಆಯೋಗಕ್ಕೆ ನೀತಿ ನಿರ್ದೇಶನ ಕೊಡಬಹುದಲ್ಲ ಎಂಬುದು ಇನ್ನೊಂದು ತಕರಾರು. ಕೊಡಬಹುದು, ಆದರೆ ಲಿಖಿತವಾಗಿ. ಸಬ್ಸಿಡಿ ಘೋಷಿಸಿದರೆ 65ನೇ ಕಲಮಿನ ಪ್ರಕಾರ ಹಣವನ್ನು ಮುಂಗಡವಾಗಿ ಕಟ್ಟಬೇಕು. ನನ್ನನ್ನು ನಿಜಕ್ಕೂ ಕಾಡುವ ಆಕ್ಷೇಪ ಬೇರೆ. ಕೈಗಾರಿಕೆಗಳಿಗೆ ವಕೀಲರು, ಲೆಕ್ಕಿಗರು ಇದ್ದಾರೆ. ಸಾವಿರ ಪುಟದ ಅರ್ಜಿಯನ್ನು ಒಣಭೂಮಿಯ ರೈತ ಎಲ್ಲಿ ಕೂತು ಓದಬೇಕು? ಬಳಕೆದಾರರ ಪರ ವಾದಿಸಲು ಆಯೋಗ ಯಾರನ್ನಾದರೂ ನೇಮಿಸಬಹುದೆಂದು 94ನೇ ಕಲಮು ಹೇಳುತ್ತದೆ. ಆ ಅಧಿಕಾರಕ್ಕೆ ಜನ ಸೇರಿಕೊಂಡು ಬಲ ತುಂಬದೆ ಇದಕ್ಕೆ ಪರಿಹಾರ ಕಾಣುವುದಿಲ್ಲ.

ಹಾಗೆ ಸೇರುವವರು ಮೊದಲು ಕೈಹಾಕಬೇಕಾದದ್ದು ಕೃಷಿ ಪಂಪ್‌ಸೆಟ್‌ಗಳ ವಿಷಯಕ್ಕೆ. ರಾಜ್ಯದಲ್ಲಿ ಅವು 30 ಲಕ್ಷ ಮೀರಿವೆ. 10 ಎಚ್‌ಪಿವರೆಗೆ ಉಚಿತ ವಿದ್ಯುತ್ ಇರುವ ಇವುಗಳಲ್ಲಿ ಬಹುಪಾಲಿಗೆ ಮೀಟರೇ ಇಲ್ಲ. ಬಳಕೆ ಬರೀ ಅಂದಾಜು. ಅಂದಾಜು ಹಿಗ್ಗಿದರೆ ಸೋರಿಕೆ ಕಾಗದದ ಮೇಲೆ ಕುಗ್ಗುತ್ತದೆ, ಸಬ್ಸಿಡಿ ಬೇಡಿಕೆ ಬೆಳೆಯುತ್ತದೆ, ರೈತ ಬಳಸದ ಕರೆಂಟೂ ಅವನ ತಲೆಗೆ ಬರುತ್ತದೆ. ಹಗಲಿನಲ್ಲೇ ಪಂಪ್‌ಸೆಟ್‌ಗೆ ಸೌರ ವಿದ್ಯುತ್ ಕೊಡುವ ಕುಸುಮ್‌ನಂಥ ಯೋಜನೆಯಲ್ಲಿ ಒಂದು ಫೀಡರ್‌ಗೆ ಎಷ್ಟು ಪ್ಯಾನೆಲ್ ಬೇಕೆಂದು ನಿರ್ಧರಿಸುವುದೂ ಇದೇ ಅಂದಾಜಿನ ಮೇಲೆ. ಉಚಿತ ವಿದ್ಯುತ್ತನ್ನು ಕೈಬಿಡಿ ಎಂದು ಯಾರೂ ಕೇಳಬೇಕಾಗಿಲ್ಲ. ಪ್ರತಿ ಫೀಡರಿನ ಮೀಟರ್ ತೋರಿಸಿದ ಯೂನಿಟ್‌ಗಳನ್ನು ತಿಂಗಳು ತಿಂಗಳೂ ಪ್ರಕಟಿಸಿ ಎಂದು ಮುಂದಿನ ವಿಚಾರಣೆಯಲ್ಲಿ ಆಕ್ಷೇಪಣೆ ಸಲ್ಲಿಸಿದರೆ, ಎಸ್ಕಾಂ ಅದಕ್ಕೆ ಬರಹದಲ್ಲೇ ಉತ್ತರ ಕೊಡಬೇಕಾಗುತ್ತದೆ.