ದುರ್ಯೋಧನ ಅರ್ಧಕ್ಕೇ ನಿಂತ: ನಾಟಕಕ್ಕೆ ಕ್ಯಾಮೆರಾ ಹುಡುಕಿದ ಕಥೆ

ನಮ್ಮೂರು ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರ. ಅಶೋಕನ ಶಾಸನ ಇರುವ ಊರು ಅಂದರೆ ಶಾಲೆಯಲ್ಲಿ ಇತಿಹಾಸ ಓದಿದವರಿಗೆ ನೆನಪಾಗಬಹುದು. ಆದರೆ ಊರಲ್ಲಿ ಹುಟ್ಟಿದವರಿಗೆ ಮೊದಲು ನೆನಪಾಗೋದು ನಾಟಕ. ಶೇಂಗಾ ಕಿತ್ತು ಮಾರಿ ಕೈ ಸ್ವಲ್ಪ ಬಿಡುವಾದ ಮೇಲೆ ಪ್ರಾಕ್ಟೀಸು ಶುರು. ಎರಡು ಮೂರು ತಿಂಗಳು ರಾತ್ರಿ ಹೊತ್ತು ಹಾರ್ಮೋನಿಯಂ ಮೇಷ್ಟ್ರ ಮುಂದೆ ಕಂದಪದ್ಯ ಕಲಿತು, ಪಾರ್ಟಿಗೆ ಇಷ್ಟು ಅಂತ ಕೈಯಿಂದ ದುಡ್ಡು ಹಾಕಿ, ಸೀನರಿ ಬಾಡಿಗೆಗೆ ತರಿಸಿ, ಒಂದೇ ಒಂದು ರಾತ್ರಿ ‘ಕುರುಕ್ಷೇತ್ರ’ ಆಡ್ತಾರೆ. ಬೆಳಗಾಗುವಾಗ ಮುಗಿಯುತ್ತೆ. ಅಷ್ಟೇ. ಸೀನರಿ ಲಾರಿ ಹತ್ತುತ್ತೆ, ಕರ್ಣ ಬಸ್ ಡ್ಯೂಟಿಗೆ ಹೋಗ್ತಾನೆ.

ನಮ್ಮ ದೊಡ್ಡಪ್ಪ ಸುಮಾರು ಮೂವತ್ತು ವರ್ಷ ದುರ್ಯೋಧನ ಮಾಡಿದವರು. 2019ರ ಯುಗಾದಿ ಆದಮೇಲೆ ಆಡಿದ ನಾಟಕವನ್ನು ನಾನು ಶೂಟ್ ಮಾಡ್ತೀನಿ ಅಂತ ಹೊರಟೆ. ಸ್ನೇಹಿತನ ಹತ್ತಿರ ಒಂದು ಡಿಎಸ್‌ಎಲ್‌ಆರ್ ಇಸ್ಕೊಂಡು, ಟ್ರೈಪಾಡ್ ಮೇಲೆ ಕೂರಿಸಿ, ಕೆಂಪು ಗುಂಡಿ ಒತ್ತಿ, ಹೆಮ್ಮೆಯಿಂದ ಚಾಪೆ ಮೇಲೆ ಕೂತೆ. ದೊಡ್ಡಪ್ಪ ಗದೆ ಹೆಗಲಿಗಿಟ್ಟು ಬಂದಾಗ ಬಿದ್ದ ಶಿಳ್ಳೆ ನನಗಿನ್ನೂ ಕಿವಿಯಲ್ಲಿದೆ. ಕ್ಯಾಮೆರಾದಲ್ಲಿ ಇಲ್ಲ. ಯಾಕಂದ್ರೆ ಅದು ಅರ್ಧ ಗಂಟೆಗೆ ಒಂದು ಸೆಕೆಂಡ್ ಮುಂಚೆ ತಾನಾಗೇ ನಿಂತಿತ್ತು. ಗೊತ್ತಾದ ಮೇಲೆ ಓಡಿಹೋಗಿ ಮತ್ತೆ ಒತ್ತಿದೆ. ಹೀಗೆ ರಾತ್ರಿಯಿಡೀ ಒತ್ತೋದು, ಮರೆಯೋದು. ಕೊನೆಗೆ ಸಿಕ್ಕಿದ್ದು ತುಂಡು ತುಂಡಾದ ನಾಟಕ. ಊರುಭಂಗದ ಸೀನಿನಲ್ಲಿ ಒಂದು ನಿಮಿಷವೂ ಇಲ್ಲ.

“ಬಿಡಪ್ಪಾ, ಮುಂದಿನ ವರ್ಷ ಐತಲ್ಲ” ಅಂದರು ದೊಡ್ಡಪ್ಪ.

ಮುಂದಿನ ವರ್ಷ 2020. ಕೊರೊನಾ. ಆಮೇಲೆ ಎರಡು ವರ್ಷ ಊರಲ್ಲಿ ನಾಟಕವೇ ಆಗಲಿಲ್ಲ. ಆ ಮಧ್ಯೆ ದೊಡ್ಡಪ್ಪನ ಗಂಟಲಿಗೆ ಆಪರೇಷನ್ ಆಯ್ತು. ಈಗ ಮಾತಾಡ್ತಾರೆ, ಪಕ್ಕದಲ್ಲಿ ಕೂತವರಿಗೆ ಕೇಳುವಷ್ಟು. ಪದ್ಯ ಏಳಲ್ಲ.

ಅವತ್ತಿಂದ ಈ ಕ್ಯಾಮೆರಾ ವಿಷಯ ನನಗೊಂದು ಹಠ ಆಗಿಹೋಯ್ತು. ನೀವೂ ನಿಮ್ಮೂರಿನ ನಾಟಕವನ್ನೋ, ಮಗಳ ಶಾಲೆಯ ರೂಪಕವನ್ನೋ, ಗೆಳೆಯರ ತಂಡದ ಪ್ರಯೋಗವನ್ನೋ ಒಬ್ಬರೇ ನಿಂತು ರೆಕಾರ್ಡ್ ಮಾಡಬೇಕು, ಜೇಬಿನಲ್ಲಿ ಲಕ್ಷ ಇಲ್ಲ ಅನ್ನೋರಾದರೆ ನಾನು ಎಡವಿ ಕಲಿತದ್ದು ಉಪಯೋಗಕ್ಕೆ ಬರಬಹುದು.

ಮೊದಲ ಪ್ರಶ್ನೆ: ನಿಲ್ಲುತ್ತಾ?

ಅಂಗಡಿಗೆ ಹೋದರೆ ಎಲ್ಲರೂ ಮೆಗಾಪಿಕ್ಸೆಲ್ ಹೇಳ್ತಾರೆ, 4ಕೆ ಹೇಳ್ತಾರೆ. ನಾಟಕಕ್ಕೆ ಮೊದಲು ಕೇಳಬೇಕಾದ್ದು “ಇದು ನಿಲ್ಲದೆ ಎಷ್ಟು ಹೊತ್ತು ರೆಕಾರ್ಡ್ ಮಾಡುತ್ತೆ?” ಅನ್ನೋದು. ಹಳೆಯ ಡಿಎಸ್‌ಎಲ್‌ಆರ್, ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಬಹಳಷ್ಟು 29 ನಿಮಿಷ 59 ಸೆಕೆಂಡಿಗೆ ನಿಲ್ಲುತ್ತವೆ. ಇದು ಕೆಟ್ಟುಹೋಗಿರೋದಲ್ಲ. ಯುರೋಪಿನ ಸುಂಕದ ನಿಯಮದಲ್ಲಿ ಅರ್ಧ ಗಂಟೆ ಮೇಲೆ ರೆಕಾರ್ಡ್ ಮಾಡುವ ಯಂತ್ರವನ್ನು ವಿಡಿಯೋ ಕ್ಯಾಮೆರಾ ಎಂದು ಲೆಕ್ಕ ಹಾಕಿ ಹೆಚ್ಚು ತೆರಿಗೆ ಹಾಕುತ್ತಿದ್ದರು. ಅದನ್ನು ತಪ್ಪಿಸೋಕೆ ಕಂಪನಿಗಳು ಒಂದು ಸೆಕೆಂಡ್ ಮುಂಚೆ ನಿಲ್ಲಿಸಿಬಿಟ್ಟವು. ಬ್ರಸೆಲ್ಸ್‌ನ ತೆರಿಗೆ ಲೆಕ್ಕಕ್ಕೆ ಸಿದ್ದಾಪುರದ ದುರ್ಯೋಧನ ಸಿಕ್ಕಿಬಿದ್ದದ್ದು ಹೀಗೆ.

ಈಗಿನ ಕೆಲವು ಮಿರರ್‌ಲೆಸ್‌ಗಳಲ್ಲಿ ಈ ಮಿತಿ ಇಲ್ಲ. 2021ರಲ್ಲಿ ಬಂದ ಸೋನಿ ಝಡ್‌ವಿ-ಇ10 ಕಾರ್ಡ್ ತುಂಬುವವರೆಗೂ ಓಡುತ್ತೆ, ಯುಎಸ್‌ಬಿಯಿಂದ ಕರೆಂಟ್ ಕೊಡಬಹುದು. ಕ್ಯಾನನ್ ಆರ್50 ಒಂದು ಗಂಟೆಗೆ ನಿಲ್ಲುತ್ತೆ. ಒಂದೂವರೆ ಗಂಟೆಯ ನಾಟಕಕ್ಕೆ ಮಧ್ಯೆ ಒಂದು ಸಲ ಗುಂಡಿ ಒತ್ತಿದರೆ ಸಾಕು, ರಾತ್ರಿಯಿಡೀ ಆಟಕ್ಕೆ ತಲೆನೋವು. ಮಿತಿ ಇಲ್ಲದಿದ್ದರೂ ಬಿಸಿ ಅನ್ನೋದೊಂದಿದೆ. 4ಕೆಯಲ್ಲಿ ಸಣ್ಣ ಕ್ಯಾಮೆರಾಗಳು ಕಾದು ನಿಲ್ಲೋದುಂಟು. ನಮ್ಮ ಕಡೆ ಏಪ್ರಿಲ್ ರಾತ್ರಿ ಹನ್ನೊಂದಕ್ಕೂ ಸೆಖೆ ಇಳಿದಿರಲ್ಲ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಹಾಗಾದರೆ ಮದುವೆ ವಿಡಿಯೋದವರು ಹಿಂದೆ ಹೆಗಲ ಮೇಲೆ ಹೊತ್ತು ಓಡಾಡುತ್ತಿದ್ದ ಜಾತಿಯ ಯಂತ್ರವೇ ಸರಿಯಲ್ಲವಾ? ಅದರ ಪುಟ್ಟ ತಮ್ಮ ಹ್ಯಾಂಡಿಕ್ಯಾಮ್. ಈಗ ಯಾರೂ ಕೇಳೋರಿಲ್ಲ, ಅದಕ್ಕೇ ಸೆಕೆಂಡ್ ಹ್ಯಾಂಡಲ್ಲಿ ಅಗ್ಗ. ನಾಟಕಕ್ಕೆ ಹೇಳಿ ಮಾಡಿಸಿದ ಹಾಗಿರುವ ವಸ್ತು ಅದು. ನಿಲ್ಲಲ್ಲ, ಕಾಯಲ್ಲ, ಒಂದೇ ಲೆನ್ಸಿನಲ್ಲಿ ಇಡೀ ರಂಗದಿಂದ ಒಬ್ಬನ ಮುಖದವರೆಗೆ ಝೂಮ್ ಆಗುತ್ತೆ.

ಎಷ್ಟು ದೂರ, ಎಷ್ಟು ಝೂಮ್

ಇದಕ್ಕೊಂದು ಸುಲಭ ಲೆಕ್ಕ ಇದೆ. ಕ್ಯಾಮೆರಾದಿಂದ ರಂಗಕ್ಕೆ ಇರುವ ದೂರವನ್ನು 36ರಿಂದ ಗುಣಿಸಿ, ಲೆನ್ಸಿನ ‘35 ಎಂಎಂ ಸಮಾನ’ ಸಂಖ್ಯೆಯಿಂದ ಭಾಗಿಸಿ. ಎಷ್ಟು ಅಡಿ ಅಗಲ ಕಾಣುತ್ತೆ ಅನ್ನೋದು ಬರುತ್ತೆ. ಚಾಪೆ ಮೇಲೆ ಕೂತ ಜನರ ಹಿಂದೆ, ರಂಗದಿಂದ 40 ಅಡಿ ದೂರದಲ್ಲಿ ನಾನು ನಿಂತಿರ್ತೀನಿ. ಫೋನಿನ ಮುಖ್ಯ ಕ್ಯಾಮೆರಾ ಸುಮಾರು 26 ಎಂಎಂ. ಅಂದರೆ 55 ಅಡಿ ಅಗಲ ಕಾಣುತ್ತೆ. ರಂಗ 25 ಅಡಿ, ಮಿಕ್ಕಿದ್ದೆಲ್ಲ ಬೇವಿನ ಮರ ಮತ್ತು ಕಡಲೆಪುರಿ ಅಂಗಡಿ. ದುರ್ಯೋಧನನನ್ನು ಸೊಂಟದಿಂದ ಮೇಲೆ ಹಿಡಿಯೋಕೆ 6 ಅಡಿ ಅಗಲ ಸಾಕು. ಅದಕ್ಕೆ ಬೇಕಾದ್ದು 240 ಎಂಎಂ. ಮಿರರ್‌ಲೆಸ್ ಜೊತೆ ಬರುವ 16-50 ಕಿಟ್ ಲೆನ್ಸ್ 75 ಎಂಎಂ ಸಮಾನಕ್ಕೇ ಮುಗಿಯುತ್ತೆ. ಅಂದರೆ ಬಾಡಿ ದುಡ್ಡಿನ ಮೇಲೆ ಇನ್ನೊಂದು ಉದ್ದ ಲೆನ್ಸಿನ ದುಡ್ಡು.

“ಆದರೆ ದೊಡ್ಡ ಸೆನ್ಸರ್ ಕತ್ತಲಲ್ಲಿ ಚೆನ್ನಾಗಿರುತ್ತಲ್ಲ?” ಅಂತ ನೀವು ಕೇಳ್ತೀರಿ. ನಿಜ. ನಾನು ನೋಡುತ್ತಿದ್ದ ಹ್ಯಾಂಡಿಕ್ಯಾಮ್ ಪ್ಯಾನಸಾನಿಕ್ ಎಚ್‌ಸಿ-ವಿ770. ಅದರ ಸೆನ್ಸರ್‌ಗಿಂತ ಎಪಿಎಸ್-ಸಿ ಸೆನ್ಸರ್ ಸುಮಾರು 13 ಪಟ್ಟು ದೊಡ್ಡದು. ಆದರೆ ಕೈಗೆಟುಕುವ ಉದ್ದ ಲೆನ್ಸುಗಳು ತುದಿಯಲ್ಲಿ ಎಫ್/6.3ಕ್ಕೆ ಇಳಿಯುತ್ತವೆ. ಹ್ಯಾಂಡಿಕ್ಯಾಮ್ ಲೆನ್ಸ್ ಎಫ್/1.8ರಿಂದ 3.6. ನಡುವಿನ ಝೂಮಿನಲ್ಲಿ 2.8 ಅಂತಿಟ್ಟುಕೊಳ್ಳಿ. ಆಗ ಆ ಉದ್ದ ಲೆನ್ಸ್ ಬಿಡುವ ಬೆಳಕು ಐದು ಪಟ್ಟು ಕಡಿಮೆ. 13 ಪಟ್ಟಿನ ಲಾಭದಲ್ಲಿ ಕೈಗುಳಿಯೋದು ಎರಡೂವರೆ ಪಟ್ಟು. ಅದೂ ಲಾಭವೇ, ಆದರೆ ಅದಕ್ಕೆ ನಾನು ಕೊಡಬೇಕಿದ್ದದ್ದು ಮೂರು ಪಟ್ಟು ದುಡ್ಡು. ಅದೂ ಅಲ್ಲದೆ ಊರ ನಾಟಕದಲ್ಲಿ ಬೆಳಕಿಗೇನು ಬರ? ಹ್ಯಾಲೋಜನ್ ಎರಡು, ಬಣ್ಣದ ಎಲ್‌ಇಡಿ ನಾಲ್ಕು, ಅದರ ಮೇಲೆ ಕಿರೀಟದ ಕನ್ನಡಿ ಚೂರುಗಳು.

ಬೇರೆ ತರದ ನಾಟಕವಾದರೆ ನನ್ನ ಲೆಕ್ಕ ಬದಲಾಗುತ್ತೆ. ನಮ್ಮ ಜಿಲ್ಲೆಯದೇ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಶುರುವಾದ ಶಿವಸಂಚಾರ ಪ್ರತಿವರ್ಷ ನಾಟಕಗಳನ್ನು ಕಟ್ಟಿಕೊಂಡು ನಾಡು ಸುತ್ತುತ್ತದೆ. ಅಂಥ ತಂಡಗಳ ಪ್ರಯೋಗದಲ್ಲಿ ಬೆಳಕನ್ನು ಯೋಚಿಸಿ ಇಟ್ಟಿರ್ತಾರೆ. ಒಂದೇ ಮೂಲೆಯಲ್ಲಿ ಒಂದೇ ದೀಪ, ಸುತ್ತ ಕತ್ತಲು. ಅಲ್ಲಿ ಸಣ್ಣ ಸೆನ್ಸರ್ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಮಾಡುತ್ತೆ. ಅಂಥದ್ದನ್ನೇ ಹೆಚ್ಚು ಶೂಟ್ ಮಾಡೋರು ಸ್ವಲ್ಪ ತಡೆದು, ದುಡ್ಡು ಕೂಡಿಸಿ ಮಿರರ್‌ಲೆಸ್ಸಿಗೇ ಹೋಗಿ.

ನಾನು ವಿ770ನ್ನೇ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆ, 22 ಸಾವಿರಕ್ಕೆ. ಕೊಳ್ಳುವಾಗ ಅಂಗಡಿಯಲ್ಲೇ ಒಂದು ಗಂಟೆ ರೆಕಾರ್ಡಿಂಗ್ ಹಾಕಿ ಎದುರಿಗೆ ಟೀ ಕುಡಿಯುತ್ತಾ ಕೂತಿದ್ದೆ. ಅಂಗಡಿಯವನು ಒಂಥರಾ ನೋಡಿದ, ನೋಡಲಿ. ಅದರಲ್ಲಿ ಮೈಕ್ ಹಾಕುವ ತೂತು ಇರೋದು ನನಗೆ ಮುಖ್ಯವಾಗಿತ್ತು. ಸೋನಿಯ ಸಿಎಕ್ಸ್405 ಇನ್ನೂ ಅಗ್ಗ, 30 ಪಟ್ಟು ಝೂಮ್ ಇದೆ, ಆದರೆ ಆ ತೂತಿಲ್ಲ, ಸೆನ್ಸರ್ ಇನ್ನೂ ಸಣ್ಣದು.

ಒಬ್ಬನೇ, ಎರಡು ಕಣ್ಣು

ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಲ್ಲಿ ‘ಫೇದ್ರ’ ನಾಟಕವನ್ನು ಸಿನಿಮಾ ಮಂದಿರಗಳಿಗೆ ನೇರ ಪ್ರಸಾರ ಮಾಡೋಕೆ ಶುರು ಮಾಡಿತು. ಹಲವು ಕ್ಯಾಮೆರಾ, ಕ್ಯಾಮೆರಾಗೇ ಬೇರೆ ರಿಹರ್ಸಲ್. ನಮಗೆ ಅದೆಲ್ಲಿ? ಆದರೂ ಎರಡನೇ ಕ್ಯಾಮೆರಾ ಎಲ್ಲರ ಜೇಬಿನಲ್ಲೂ ಇದೆ. ಫೋನನ್ನು ರಂಗದಿಂದ 20 ಅಡಿಗೆ, ಶಾಮಿಯಾನದ ಕಂಬಕ್ಕೆ ಕ್ಲ್ಯಾಂಪ್ ಹಾಕಿ ಬಿಗಿದುಬಿಡ್ತೀನಿ. ಮೇಲಿನ ಲೆಕ್ಕದ ಪ್ರಕಾರ 27 ಅಡಿ ಅಗಲ, ಇಡೀ ರಂಗ ಬಂತು. ಅದನ್ನು ಮುಟ್ಟಲ್ಲ. ಹ್ಯಾಂಡಿಕ್ಯಾಮ್ ನನ್ನ ಕೈಯಲ್ಲಿ, ಯಾರು ಮಾತಾಡ್ತಾರೋ ಅವರ ಮೇಲೆ. ನಾನು ತಪ್ಪು ಮುಖಕ್ಕೆ ಝೂಮ್ ಹಾಕಿದಾಗ, ಟ್ರೈಪಾಡಿಗೆ ಯಾರೋ ಕಾಲು ತಾಗಿಸಿದಾಗ, ಎಡಿಟಿಂಗಲ್ಲಿ ಫೋನಿನ ಚಿತ್ರಕ್ಕೆ ಹಾರಿಕೊಳ್ಳೋದು.

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕೋದು ಮರೀಬೇಡಿ. ಕೃಷ್ಣಸಂಧಾನದ ಮಧ್ಯೆ ಒಂದು ಸಲ ನನಗೆ ಸಾಲ ಬೇಕಾ ಅಂತ ಕರೆ ಬಂದಿತ್ತು.

ಹ್ಯಾಂಡಿಕ್ಯಾಮನ್ನು ಟ್ರ್ಯಾಕ್ಟರ್ ಟ್ರೇಲರ್ ಮೇಲಿಟ್ಟರೆ ಎತ್ತರ ಸಿಗುತ್ತೆ ಅಂತ ಒಂದು ವರ್ಷ ಮಾಡಿದೆ. ಊರ ಹುಡುಗರೆಲ್ಲ ಅದರ ಮೇಲೇ ಹತ್ತಿ ಕೂತರು, ಅಭಿಮನ್ಯು ಸಾಯೋವರೆಗೂ ಚಿತ್ರ ತೊಟ್ಟಿಲು ತೂಗಿತು. ಈಗ ನೆಲದ ಮೇಲೇ ಟ್ರೈಪಾಡ್. ಅದಕ್ಕೆ ಮಾತ್ರ ಜಿಪುಣತನ ಮಾಡಬೇಡಿ, ಮೆತ್ತಗೆ ತಿರುಗುವ ಫ್ಲೂಯಿಡ್ ಹೆಡ್ ಇರೋದನ್ನೇ ತಗೊಳ್ಳಿ. ಎರಡು ಸಾವಿರದ ಟ್ರೈಪಾಡ್ ತಿರುಗಿಸಿದರೆ ಚಿತ್ರ ಜಟಕಾ ಬಂಡಿ ಥರ ಎಗರುತ್ತೆ.

ಸೆಟ್ಟಿಂಗಿನಲ್ಲಿ ‘ಆಟೊ’ ಅನ್ನೋದನ್ನೆಲ್ಲ ಆದಷ್ಟು ಬಿಡಿಸಿ. ಹಿಂದಿನ ಪರದೆ ಕಪ್ಪಗಿದ್ದರೆ ಕ್ಯಾಮೆರಾ ಕತ್ತಲು ಅಂದುಕೊಂಡು ಬೆಳಕು ಏರಿಸುತ್ತೆ, ಬಣ್ಣ ಬಳಿದ ಮುಖ ಸುಣ್ಣದ ಗೋಡೆ ಆಗುತ್ತೆ. ಮುಖ ನೋಡಿ ಎಕ್ಸ್‌ಪೋಷರ್ ಹಿಡಿದು ಹಾಗೇ ಲಾಕ್ ಮಾಡಿ, ಪರದೆ ಕತ್ತಲಾದರೆ ಆಗಲಿ. ಶಟರ್ 1/50. ನಮ್ಮ ಕರೆಂಟ್ 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತೆ. 1/60 ಇಟ್ಟರೆ ಚಿತ್ರದ ಮೇಲೆ ಪಟ್ಟೆ ಹರಿಯಬಹುದು. ಫೋಕಸ್ಸಿಗೆ, ಪೂರ್ತಿ ಝೂಮ್ ಹಾಕಿ ನಟನ ಕಣ್ಣಿಗೆ ಹಿಡಿದು, ಆಮೇಲೆ ಅಗಲಕ್ಕೆ ಬನ್ನಿ. ಹ್ಯಾಂಡಿಕ್ಯಾಮಿನಲ್ಲಿ ಇದು ಕೆಲಸ ಮಾಡುತ್ತೆ. ಮಿರರ್‌ಲೆಸ್ಸಿನ ಬಹಳ ಲೆನ್ಸುಗಳಲ್ಲಿ ಝೂಮ್ ಬದಲಾದರೆ ಫೋಕಸ್ಸೂ ಜಾರುತ್ತೆ.

ನಾಟಕ ಕೇಳೋದು

ನಮ್ಮಲ್ಲಿ ಹಿರಿಯರು ನಾಟಕ ನೋಡೋಕೆ ಹೋಗಿದ್ದೆ ಅನ್ನೋದಕ್ಕಿಂತ ಪದ್ಯ ಹೆಂಗಿದ್ವು ಅಂತ ಕೇಳ್ತಾರೆ. ದನಿ ಕೆಟ್ಟರೆ ಚಿತ್ರ ಎಷ್ಟು ಚೆಂದ ಇದ್ದರೂ ಊರಲ್ಲಿ ಯಾರೂ ಎರಡನೇ ಸಲ ಹಾಕಲ್ಲ. ನಾನು ಕ್ಯಾಮೆರಾ ದುಡ್ಡಿನಲ್ಲಿ ಉಳಿಸಿದ್ದನ್ನು ಇಲ್ಲಿಗೆ ಹಾಕಿದೆ: ಝೂಮ್ ಎಚ್1ಎನ್ ಅನ್ನುವ ಅಂಗೈಯಗಲದ ರೆಕಾರ್ಡರ್. ರಂಗದ ಮೇಲೆ ಇಳಿಬಿಟ್ಟ ಮೈಕುಗಳೆಲ್ಲ ಸೌಂಡಿನವರ ಮಿಕ್ಸರಿಗೆ ಬರ್ತವೆ. ಅದರ ‘ರೆಕ್ ಔಟ್’ ತೂತಿನಿಂದ ಒಂದು ವೈರ್ ಎಳೆದು ರೆಕಾರ್ಡರಿಗೆ. ಲೆವೆಲ್ ಅರ್ಧಕ್ಕಿಂತ ಕಡಿಮೆ ಇಡಿ. ಭೀಮ ಬಂದಾಗ ಎಲ್ಲ ಲೆಕ್ಕ ತಪ್ಪುತ್ತೆ. ಸೌಂಡಿನವರಿಗೆ ಸಂಜೆಯೇ ಹೋಗಿ ಅಣ್ಣಾ ಅಂತ ಮಾತಾಡಿಸಿ, ಟೀ ಕೊಡಿಸಿ. ರಾತ್ರಿ ಹತ್ತಕ್ಕೆ ಹೋಗಿ ವೈರ್ ಹಾಕ್ತೀನಿ ಅಂದರೆ ಬೈಸಿಕೊಳ್ತೀರಿ.

ಮಿಕ್ಸರ್ ದನಿಯಲ್ಲಿ ಜನ ಇರಲ್ಲ. ಶಿಳ್ಳೆ, ನಗು, “ಒನ್ಸ್ ಮೋರ್” ಎಲ್ಲ ಕ್ಯಾಮೆರಾ ಮೈಕಿನಿಂದ ಬರಬೇಕು. ಎರಡನ್ನೂ ಬೆರೆಸಬೇಕು. ಹೊಂದಿಸೋದಕ್ಕೆ ಶುರುವಿನಲ್ಲಿ ರಂಗದ ಮುಂದೆ ನಿಂತು ಜೋರಾಗಿ ಒಂದು ಚಪ್ಪಾಳೆ. ರಾತ್ರಿಯಿಡೀ ಓಡಿದರೆ ಎರಡು ಯಂತ್ರಗಳ ಗಡಿಯಾರ ಸ್ವಲ್ಪ ಸರಿಯುತ್ತೆ, ಅದಕ್ಕೆ ಪ್ರತಿ ಸೀನಿಗೂ ಹೊಸದಾಗಿ ಹೊಂದಿಸಿಕೊಳ್ತೀನಿ.

ಕಾರ್ಡಿನ ಲೆಕ್ಕ: ಸೆಕೆಂಡಿಗೆ 28 ಮೆಗಾಬಿಟ್ಟಿನ ಫುಲ್ ಎಚ್‌ಡಿ ಗಂಟೆಗೆ 12.6 ಜಿಬಿ ತಿನ್ನುತ್ತೆ. ಏಳು ಗಂಟೆಗೆ 88. ಹಾಗಾಗಿ 128 ಜಿಬಿ ಕಾರ್ಡ್, ಮಧ್ಯೆ ಬದಲಿಸೋ ಗೋಜಿಲ್ಲ. ಕರೆಂಟಿಗೆ ಅಡಾಪ್ಟರ್, ಜೊತೆಗೆ ಬ್ಯಾಟರಿಯೂ ಒಳಗಿರಲಿ. ಜನರೇಟರಿಗೆ ಬದಲಾಯಿಸುವ ಅರೆಗಳಿಗೆಯಲ್ಲಿ ನಿಲ್ಲಬಾರದು.

ಯೂಟ್ಯೂಬಿಗೆ ಹಾಕೋ ಮುಂಚೆ ಒಂದು ಮಾತು. ಆಡಿದವರನ್ನು, ಮೇಷ್ಟ್ರನ್ನು ಕೇಳಿ. ನಾಟಕ ಬರೆದವರ ಹಕ್ಕು ಇದ್ದರೆ ಅವರನ್ನೂ. ಮಧ್ಯೆ ಸಿನಿಮಾ ಹಾಡಿನ ಮಟ್ಟು ನುಸುಳಿದ್ದರೆ ಕಾಪಿರೈಟ್ ನೋಟಿಸ್ ಬರೋದೂ ಉಂಟು. ನಾನು ಊರಿನವರಿಗೆ ಪೆನ್‌ಡ್ರೈವಿನಲ್ಲೇ ಕೊಡ್ತೀನಿ.

ಮೂಲ ಫೈಲುಗಳು ಎರಡು ಹಾರ್ಡ್‌ಡಿಸ್ಕಿನಲ್ಲಿವೆ, ಒಂದು ಬೆಂಗಳೂರಲ್ಲಿ, ಒಂದು ಊರಲ್ಲಿ. ಅಷ್ಟಾದರೂ ಹತ್ತು ವರ್ಷ ಬಾಳುತ್ತಾ ಅನ್ನೋ ಭಯ ಇದ್ದೇ ಇದೆ. ಪಕ್ಕದ ಬ್ರಹ್ಮಗಿರಿಯಲ್ಲಿ ಅಕ್ಷರಗುಂಡು ಇದೆಯಲ್ಲ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು, ಅದರ ಕೊನೆಯಲ್ಲಿ ಬರೆದವನು ಚಪಡ ಅಂತ ಹೆಸರಿದೆ. ‘ಲಿಪಿಕಾರ’ ಅನ್ನೋ ಮಾತನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷ ದಾಟಿದೆ. ಅವನಿಗೆ ಬ್ಯಾಕಪ್ ಚಿಂತೆ ಇರಲಿಲ್ಲ.

ಕಳೆದ ಸಲದ ನಾಟಕದಲ್ಲಿ ದುರ್ಯೋಧನ ಮಾಡಿದ್ದು ದೊಡ್ಡಪ್ಪನ ಮಗ. ದೊಡ್ಡಪ್ಪ ಹಾರ್ಮೋನಿಯಂ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ತುಟಿಯಲ್ಲೇ ಪದ್ಯ ಹೇಳ್ತಿದ್ದರು. ಇಡೀ ರಾತ್ರಿ ಒಂದೂ ಸಲ ನಿಲ್ಲದೆ ರೆಕಾರ್ಡ್ ಆಯ್ತು. ವಾರ ಬಿಟ್ಟು ಟಿವಿಗೆ ಹಾಕಿ ತೋರಿಸಿದೆ. ಊರುಭಂಗ ಬಂದಾಗ ಮನೆಯವರೆಲ್ಲ ಸುಮ್ಮನಾದರು. ದೊಡ್ಡಪ್ಪ ಮಾತ್ರ ರಿಮೋಟ್ ಇಸ್ಕೊಂಡು ನಿಲ್ಲಿಸಿ, “ಆ ಹೆಜ್ಜೆ ತಪ್ಪು. ತೊಡೆ ಮುರಿದೋನು ಎಡಗಾಲು ಊರ್ತಾನೇನ್ಲಾ?” ಅಂದರು. ಕೂಗಿ ಹೇಳಕ್ಕಾಗದೆ ಎದ್ದು ನಿಂತು, ಪಡಸಾಲೆಯಲ್ಲೇ ಕಂಬ ಹಿಡಿದು, ಹೆಂಗೆ ಬೀಳಬೇಕು ಅಂತ ತೋರಿಸಿದರು. ಒಂದು ಸಲ. ಮತ್ತೊಂದು ಸಲ.

ನನ್ನ ಕಣ್ಣು ಮೂಲೆಯಲ್ಲಿದ್ದ ಕ್ಯಾಮೆರಾ ಬ್ಯಾಗಿನ ಕಡೆ ಹೋಯ್ತು. ಅದನ್ನು ನೋಡಿ ದೊಡ್ಡಪ್ಪ ನಕ್ಕರು.

“ಈಗ ಬ್ಯಾಡ ಕಣಪ್ಪಾ, ಲುಂಗಿಯಲ್ಲಿದೀನಿ. ಊಟ ಮಾಡು. ಸಂಜೆ ಗದೆ ತರಸ್ತೀನಿ.”