ಕುಲುಮೆಯ ತಿದಿಯಿಂದ ಮೋಟಾರಿನ ನೆತ್ತಿಗೆ: ರೂಟ್ಸ್ ಊದುಯಂತ್ರದ ಒಂದು ಪರಿವರ್ತನೆ

ಹಳೆಯ ಅಮೆರಿಕನ್ ಮೋಟಾರುಗಳ ಚಿತ್ರಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಕಾಣಬರುತ್ತದೆ. ಎಂಜಿನ್ನಿನ ಮುಚ್ಚಳವನ್ನು ಕತ್ತರಿಸಿ, ಆ ಕಿಂಡಿಯಿಂದ ಏಣುಗಳುಳ್ಳ ಲೋಹದ ಪೆಟ್ಟಿಗೆಯೊಂದು ಮೇಲೆದ್ದು ನಿಂತಿರುತ್ತದೆ. ಅದರ ಮುಂಭಾಗದಲ್ಲಿ ಅಗಲವಾದ ಹಲ್ಲುಪಟ್ಟಿಯೊಂದು ಸುತ್ತುತ್ತಿರುತ್ತದೆ. ಇದೇ ಸೂಪರ್‌ಚಾರ್ಜರ್. ಇದು ಆ ಕಾರಿನೊಡನೆಯೇ ಕಾರ್ಖಾನೆಯಿಂದ ಬಂದುದೆಂದು ನೋಡುವವರು ಭಾವಿಸುವುದು ಸಹಜ. ವಾಸ್ತವವಾಗಿ ಇದು ಬೇರೊಂದು ಯಂತ್ರಕ್ಕಾಗಿ ಹುಟ್ಟಿದ ಅಂಗ. ಕಾರಿಗೆ ಬಂದದ್ದು ಗುಜರಿಯ ದಾರಿಯಿಂದ. ಚರಿತ್ರೆಯ ಅಧ್ಯಾಪಕನಿಗೆ ಇದರಲ್ಲಿ ಏನು ಕೆಲಸವೆಂದು ಸಹೋದ್ಯೋಗಿಗಳು ಕೇಳಿಯಾರು. ಉಪಕರಣವೊಂದು ತನ್ನ ಹುಟ್ಟುಕೆಲಸವನ್ನು ಬಿಟ್ಟು ಮತ್ತೊಂದಕ್ಕೆ ಹೋದಾಗ, ಕಮ್ಮಾರನು ಹೊಸದಾಗಿ ಮಾಡಬೇಕಾದ ಒಂದೊಂದು ತುಂಡೂ ಆ ಎರಡು ಕೆಲಸಗಳ ನಡುವಣ ಅಂತರಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಆ ಸಾಕ್ಷ್ಯವನ್ನು ಓದುವುದು ನಮ್ಮ ಕೆಲಸವೇ.

ಇಂಡಿಯಾನ ಸಂಸ್ಥಾನದ ಕಾನರ್ಸ್‌ವಿಲ್ ಎಂಬ ಊರಿನಲ್ಲಿ ಫಿಲಾಂಡರ್ ರೂಟ್ಸ್, ಫ್ರಾನ್ಸಿಸ್ ರೂಟ್ಸ್ ಎಂಬ ಸಹೋದರರಿದ್ದರು. ಉಣ್ಣೆಯ ಗಿರಣಿಯವರಾದ ಇವರು ನೀರಿನಿಂದ ತಿರುಗುವ ಚಕ್ರವೊಂದನ್ನು ಸುಧಾರಿಸಲು ಹೊರಟು, ಕೊನೆಗೆ ಗಾಳಿಯೂದುವ ಯಂತ್ರವನ್ನು ಪಡೆದರು. 1860ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಒಂದು ಪೆಟ್ಟಿಗೆಯೊಳಗೆ ಎರಡು ರೋಟರುಗಳು ಒಂದನ್ನೊಂದು ಮುಟ್ಟದೆ, ಆದರೆ ಒಂದರ ತಗ್ಗಿಗೆ ಮತ್ತೊಂದರ ಉಬ್ಬು ಹೊಂದುವಂತೆ ತಿರುಗುತ್ತವೆ. ರೋಟರಿಗೂ ಗೋಡೆಗೂ ನಡುವೆ ಸಿಕ್ಕಿದ ಗಾಳಿಯು ಈ ಕಡೆಯಿಂದ ಆ ಕಡೆಗೆ ಸಾಗುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಯಂತ್ರವು ತನ್ನ ಒಡಲಿನೊಳಗೆ ಗಾಳಿಯನ್ನು ಅದುಮುವುದಿಲ್ಲ, ಸಾಗಿಸುತ್ತದೆ, ಅಷ್ಟೆ. ಆಚೆ ಕಡೆ ಜಾಗ ಸಾಲದಿದ್ದರೆ ಅಲ್ಲಿ ಒತ್ತಡ ತಾನಾಗಿ ಏರುತ್ತದೆ. ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಇದೇ ದೊಡ್ಡ ತಿದಿಯಾಯಿತು. 1870ರಲ್ಲಿ ನ್ಯೂಯಾರ್ಕ್ ನಗರದ ನೆಲದಡಿಯಲ್ಲಿ ಆಲ್‌ಫ್ರೆಡ್ ಬೀಚ್ ಎಂಬಾತ ಗಾಳಿಯಿಂದ ನೂಕಿ ಬಂಡಿಯೋಡಿಸಿದಾಗ ಬಳಸಿದ್ದೂ ರೂಟ್ಸ್ ಯಂತ್ರವನ್ನೇ.

ಮೋಟಾರಿಗೆ ಇದನ್ನು ಹೂಡಿದವರಲ್ಲಿ ಜರ್ಮನಿಯ ಮರ್ಸಿಡೀಸ್ ಸಂಸ್ಥೆ ಪ್ರಮುಖವಾದುದು (1921). ಆ ಕಾರುಗಳಲ್ಲಿ ವೇಗದ ಪೆಡಲನ್ನು ಪೂರ್ತಿ ತುಳಿದಾಗ ಮಾತ್ರ ಊದುಯಂತ್ರ ಕೂಡಿಕೊಂಡು ಕಾರ್ಬುರೇಟರಿನ ಮೂಲಕ ಗಾಳಿಯನ್ನು ನೂಕುತ್ತಿತ್ತು. ಆದರೆ ನಮ್ಮ ಪೆಟ್ಟಿಗೆ ಬಂದ ದಾರಿ ಇದಲ್ಲ. ಜನರಲ್ ಮೋಟಾರ್ಸ್ ಸಂಸ್ಥೆ 1938ರಲ್ಲಿ 71ರ ಶ್ರೇಣಿಯ ಡೀಸೆಲ್ ಎಂಜಿನ್ನುಗಳನ್ನು ಹೊರತಂದಿತು. ಒಂದೊಂದು ಸಿಲಿಂಡರಿಗೆ 71 ಘನ ಅಂಗುಲ. ಆರು ಸಿಲಿಂಡರಿದ್ದರೆ 6-71. ಇವು ಎರಡು ಹೊಡೆತದ ಎಂಜಿನ್ನುಗಳು, ಉಸಿರೆಳೆದುಕೊಳ್ಳುವ ಪ್ರತ್ಯೇಕ ಹೊಡೆತ ಇವಕ್ಕಿಲ್ಲ. ಹೊಗೆಯನ್ನು ಹೊರದೂಡಿ ಹೊಸ ಗಾಳಿ ತುಂಬಲು ಊದುಯಂತ್ರ ಬೇಕೇ ಬೇಕು. ಅಲ್ಲಿ ಅದು ಹೆಚ್ಚುವರಿ ಶಕ್ತಿಯ ಸಾಧನವಲ್ಲ; ಎಂಜಿನ್ನಿನ ಶ್ವಾಸಕೋಶ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯವನ್ನು ದಡಕ್ಕಿಳಿಸುವ ದೋಣಿಗಳಲ್ಲಿಯೂ, ಎರಡೆರಡರಂತೆ ಎಂ4ಎ2 ಶರ್ಮನ್ ಟ್ಯಾಂಕುಗಳಲ್ಲಿಯೂ ಈ ಎಂಜಿನ್ನುಗಳು ದುಡಿದವು. ಯುದ್ಧ ಮುಗಿಯಿತು, ಮಿಕ್ಕ ಸಾಮಗ್ರಿ ಅಗ್ಗವಾಯಿತು. 1940ರ ದಶಕದ ಕೊನೆಯ ಹೊತ್ತಿಗೆ ಕ್ಯಾಲಿಫೋರ್ನಿಯದ ಬಾರ್ನಿ ನವಾರೋ ಎಂಬ ಸ್ಪರ್ಧಾಳು ಚಿಕ್ಕದಾದ 3-71ರ ಊದುಯಂತ್ರವನ್ನು ಫೋರ್ಡ್ ವಿ-8 ಎಂಜಿನ್ನಿನ ಮೇಲೆ ಕೂರಿಸಿದನು.

ಇನ್ನು ಮಸಲ್ ಕಾರು. ಮಧ್ಯಮ ಗಾತ್ರದ ಕಾರಿನ ಒಡಲಿಗೆ ದೊಡ್ಡ ಕಾರಿನ ಎಂಜಿನ್ನನ್ನು ತುರುಕಿದರೆ ದೊರೆಯುವುದೇ ಅದು. ಈ ಪರಂಪರೆಗೆ ಮೊದಲೆಂದು ಸಾಮಾನ್ಯವಾಗಿ ಹೇಳುವುದು 1964ರ ಪಾಂಟಿಯಾಕ್ ಜಿ.ಟಿ.ಓ.ವನ್ನು: 389 ಘನ ಅಂಗುಲದ ಎಂಜಿನ್, 325 ಅಶ್ವಶಕ್ತಿ, ಸಂಪೀಡನ ಪ್ರಮಾಣ 10.75. ಎಂದರೆ ಸಿಲಿಂಡರಿಗೆ ಬಂದ ಮಿಶ್ರಣವನ್ನು ಪಿಸ್ಟನ್ನು ಸುಮಾರು ಹನ್ನೊಂದರಲ್ಲೊಂದು ಪಾಲಿನ ಜಾಗಕ್ಕೆ ಅದುಮುತ್ತದೆ. ಇದು ಹೊರಗಾಳಿಯನ್ನು ತಾನೇ ಎಳೆದುಕೊಳ್ಳುವ ಎಂಜಿನ್ನಿಗೆಂದು ಮಾಡಿದ ಲೆಕ್ಕ. ಅದರ ನೆತ್ತಿಯ ಮೇಲೆ ಊದುಯಂತ್ರ ಬಂದೀತೆಂದು ರಚಿಸಿದವರು ಎಣಿಸಿರಲಿಲ್ಲ.

ಇಲ್ಲಿಂದ ತೊಡಕು ಪ್ರಾರಂಭ. 6-71ರ ಊದುಯಂತ್ರ ಒಂದು ಸುತ್ತಿಗೆ 411 ಘನ ಅಂಗುಲ ಗಾಳಿಯನ್ನು ಸಾಗಿಸುತ್ತದೆ. ನಾಲ್ಕು ಹೊಡೆತದ 389ರ ಎಂಜಿನ್ ಎರಡು ಸುತ್ತಿಗೊಮ್ಮೆ ತುಂಬುವುದರಿಂದ ಅದಕ್ಕೆ ಸುತ್ತಿಗೆ ಬೇಕಾದುದು ಸುಮಾರು 194.5. ಎರಡನ್ನೂ ಸಮವೇಗದಲ್ಲಿ ತಿರುಗಿಸಿದರೆ ಎರಡು ಪಾಲಿಗೂ ಮಿಕ್ಕು ಗಾಳಿ ಬಂದು ಬೀಳುತ್ತದೆ. ಆದುದರಿಂದ ಕ್ರ್ಯಾಂಕ್ ದಂಡಕ್ಕೆ 40 ಹಲ್ಲಿನ ರಾಟೆ, ಊದುಯಂತ್ರಕ್ಕೆ 60 ಹಲ್ಲಿನ ರಾಟೆ ಹಾಕಿದೆವೆನ್ನೋಣ. ಎಂಜಿನ್ ಮೂರು ಸುತ್ತಿದಾಗ ಅದು ಎರಡೇ ಸುತ್ತುತ್ತದೆ, ಬರುವ ಗಾಳಿ 274. ಸೋರಿಕೆಯನ್ನೂ ಕಾವನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಇದು ವಾಯುಮಂಡಲದ 14.7 ಪೌಂಡಿನ ಮೇಲೆ ಸುಮಾರು 6 ಪೌಂಡು ಒತ್ತಡವಾಯಿತು. ಅಲ್ಪವೆಂದು ತೋರೀತು. ಆದರೆ ಕೆಲಸಗಾರರು ಬಳಸುವ ಸ್ಥೂಲ ಲೆಕ್ಕದ ಪ್ರಕಾರ 10.75ರ ಸಂಪೀಡನ ಈಗ 15ಕ್ಕೆ ಸಮನಾಗುತ್ತದೆ. ಬಂಕಿನ ಪೆಟ್ರೋಲು ಇದನ್ನು ತಾಳದು; ಕಿಡಿ ಹೊತ್ತಿಸಿದ ಉರಿ ತಲಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿದು ಪಿಸ್ಟನ್ನನ್ನು ಒಡೆಯುತ್ತದೆ. ಪ್ರಮಾಣವನ್ನು 8.5ಕ್ಕೆ ಇಳಿಸಿದರೆ ಮೊತ್ತ 12ರಲ್ಲಿ ನಿಲ್ಲುತ್ತದೆ. ಎಂದರೆ ಪಿಸ್ಟನ್ನುಗಳನ್ನೇ ಬದಲಾಯಿಸಬೇಕು, ಬಡಿದು ಮಾಡಿದ ಗಟ್ಟಿ ಪಿಸ್ಟನ್ನುಗಳನ್ನು ಹಾಕಬೇಕು, ಒತ್ತಡ ಏರಿದಂತೆ ಕಿಡಿಯನ್ನು ತಡಮಾಡಬೇಕು. ಮೇಲಿನ ಪೆಟ್ಟಿಗೆಯನ್ನು ಕೊಂಡು ತಂದು ಕೂರಿಸುವುದಷ್ಟೇ ಕೆಲಸವೆಂದು ನಂಬಿದವರು ಎಂಜಿನ್ನನ್ನು ಕಳೆದುಕೊಳ್ಳುವುದು ಇಲ್ಲಿಯೇ.

ಮ್ಯಾನಿಫೋಲ್ಡಿನ ಮಾತು ಬೇರೆ. ಸಿದ್ಧವಾದುದು ಸಿಗದಿದ್ದರೆ ಅಲ್ಯುಮಿನಿಯಮ್ ಹಲಗೆಗಳನ್ನು ಕತ್ತರಿಸಿ ಬೆಸೆಯಬೇಕು. ಪಾಂಟಿಯಾಕ್ ಎಂಜಿನ್ನಿನಲ್ಲಿ ನಡುಕಣಿವೆಗೆ ಪ್ರತ್ಯೇಕ ಮುಚ್ಚಳವಿರುವುದು ಒಂದು ಅನುಕೂಲ. ಆದರೆ ತಂಪುನೀರು ಮ್ಯಾನಿಫೋಲ್ಡಿನ ಮುಂತುದಿಯ ಮೂಲಕವೇ ಹಾಯುವುದರಿಂದ ಅದಕ್ಕೂ ದಾರಿ ಮಾಡಬೇಕು. ಬೆಸುಗೆಯ ಕಾವಿಗೆ ಹಲಗೆ ಬಾಗುತ್ತದೆ. ಆದ್ದರಿಂದ ಊದುಯಂತ್ರ ಕೂರುವ ಮೈಯನ್ನು ಬೆಸೆದ ಮೇಲೆ ಹದಗೊಳಿಸಬೇಕೇ ಹೊರತು ಮೊದಲಲ್ಲ. ಆ ಮೈ ಓರೆಯಾದರೆ ರಾಟೆಗಳ ಸಾಲು ತಪ್ಪಿ ಪಟ್ಟಿ ಸವೆಯುತ್ತದೆ, ಪೆಟ್ಟಿಗೆ ತಿರುಚಿಕೊಂಡು ರೋಟರು ಗೋಡೆಗೆ ತಾಗುತ್ತದೆ. ಪಟ್ಟಿಯ ಎಳೆತವೆಲ್ಲ ಕ್ರ್ಯಾಂಕ್ ದಂಡದ ಮೂತಿಯ ಮೇಲೆ ಬೀಳುವುದರಿಂದ ಅಲ್ಲಿ ಒಂದರ ಬದಲು ಎರಡು ಕೀಲಿಗಳನ್ನು ಕೊರೆಯುವ ವಾಡಿಕೆಯುಂಟು. ಡೀಸೆಲ್ಲಿನಲ್ಲಿ ಬರಿಯ ಗಾಳಿ ಸಾಗಿಸುತ್ತಿದ್ದ ಪೆಟ್ಟಿಗೆಯೊಳಗೆ ಈಗ ಪೆಟ್ರೋಲಿನ ಆವಿ ತುಂಬಿರುತ್ತದೆ. ಎಂಜಿನ್ ಒಮ್ಮೆ ಹಿಮ್ಮುಖವಾಗಿ ಸಿಡಿದರೆ ಪೆಟ್ಟಿಗೆಯೇ ಬಾಂಬು. ಅದಕ್ಕಾಗಿ ಮ್ಯಾನಿಫೋಲ್ಡಿನಲ್ಲಿ ಸ್ಪ್ರಿಂಗಿನ ಕವಾಟವೊಂದನ್ನು ಇಡುತ್ತಾರೆ.

1979ರ ‘ಮ್ಯಾಡ್ ಮ್ಯಾಕ್ಸ್’ ಚಿತ್ರದಲ್ಲಿ ನಾಯಕನು ಗುಂಡಿಯೊತ್ತಿ ಸೂಪರ್‌ಚಾರ್ಜರನ್ನು ಚಾಲೂ ಮಾಡುತ್ತಾನೆ. ಚಿತ್ರಕ್ಕೆಂದು ಹೂಡಿದ ಆ ಪೆಟ್ಟಿಗೆ ಕೆಲಸಮಾಡುತ್ತಿರಲಿಲ್ಲ, ಮಾಡುವಂತೆಯೂ ಇರಲಿಲ್ಲ. ಎಂಜಿನ್ನಿನ ಉಸಿರೆಲ್ಲವೂ ರೋಟರುಗಳ ನಡುವೆಯೇ ಹಾಯಬೇಕಾದ ಈ ಏರ್ಪಾಟಿನಲ್ಲಿ ರೋಟರು ನಿಂತರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಮರ್ಸಿಡೀಸಿನ ಹಳೆಯ ಏರ್ಪಾಟೇ ಬೇರೆಯಾಗಿತ್ತೆಂಬುದನ್ನು ಮೇಲೆ ಹೇಳಿದೆ.

ಉಳಿದದ್ದು ಒಂದು ಮಾತು. ಇದು ನನ್ನ ಅಭಿಪ್ರಾಯ. ಅರುವತ್ತು ವರ್ಷ ದಾಟಿದ ಕಾರು ಈಗ ಒಂದು ದಾಖಲೆ. ಎಂಜಿನ್ನಿನ ಮೇಲೆ ಕೊರೆದ ಅಂಕಿಗಳು, ಕಾರ್ಖಾನೆಯ ಮ್ಯಾನಿಫೋಲ್ಡು, ಕತ್ತರಿಸದ ಮುಚ್ಚಳ, ಇವು ಶಾಸನದ ಅಕ್ಷರಗಳಂತೆ. ಪರಿವರ್ತನೆಯನ್ನು ಆಕ್ಷೇಪಿಸುವುದು ತರವಲ್ಲ. ಅದೂ ಈ ಕಾರುಗಳ ಚರಿತ್ರೆಯ ಭಾಗವೇ. ಆದರೆ ಮೂಲ ಎಂಜಿನ್ನನ್ನು ಬಿಚ್ಚಿ ಎಣ್ಣೆ ಸವರಿ ಎತ್ತಿಟ್ಟು, ಅದೇ ಜಾತಿಯ ಬೇರೊಂದು ಎಂಜಿನ್ನಿನ ಮೇಲೆ ಈ ಪ್ರಯೋಗ ನಡೆಸಬಹುದು. ಮುಚ್ಚಳವನ್ನು ಕತ್ತರಿಸುವ ಬದಲು ಎರಡನೆಯದೊಂದನ್ನು ಕೊಳ್ಳಬಹುದು. ತೆಗೆದ ತುಂಡುಗಳಿಗೆ ಕಾರಿನ ಅಂಕಿಯನ್ನೂ ತೆಗೆದ ತಾರೀಖನ್ನೂ ಬರೆದ ಚೀಟಿ ಕಟ್ಟಿಡಲು ಅರ್ಧ ಗಂಟೆ ಸಾಕು.